ನರಕೋಶದ ತುದಿಯಲ್ಲಿ ಮೈಲಾರಪ್ಪ

ಧಾರವಾಡದ ಸಪ್ತಾಪುರದ ಆ ಓಣಿಯಲ್ಲಿ ಮೈಲಾರಪ್ಪನವರಿಗೆ ಯಾರೂ ಕೆಲಸ ಹೇಳುತ್ತಿರಲಿಲ್ಲ. ಹೇಳಿ ಕೆಟ್ಟವರ ಕಥೆ ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಪಕ್ಕದ ಮನೆಯ ದತ್ತುವಿನ ಹೆಂಡತಿ ಅಂಗಳದಲ್ಲಿ ಸಂಡಿಗೆ ಒಣಹಾಕಿ, ಕಾಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಇವರಿಗೆ, "ಕಾಕಾ, ಸಂಡಿಗಿ ಕಡೆ ಸ್ವಲ್ಪ ನೋಡ್ರಿ, ಈಗ ಬಂದೆ" ಎಂದು ಹೇಳಿ ಅಂಗಡಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಯಾರದೋ ಆಡು ಸಂಡಿಗೆಯನ್ನೆಲ್ಲ ಮುಗಿಸಿ, ಕೆಳಗೆ ಹಾಸಿದ್ದ ಧೋತರದ ಚುಂಗನ್ನು ಜಗಿಯುತ್ತಿತ್ತು. ಮೈಲಾರಪ್ಪನವರು ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದರು. "ನೋಡ್ರಿ ಅಂದ್ರಿ, ನೋಡೇನಿ. ಆಡು ಹೊಡೀರಿ ಅಂದಿರಲಿಲ್ಲ" ಎಂದರು. ದತ್ತುವಿನ ಹೆಂಡತಿ ಅವತ್ತು ಬಾಯಿಗೆ ಬಂದದ್ದನ್ನೆಲ್ಲ ಆಡಿಗೆ ಬೈದಳು, ಆದರೆ ಕೇಳಬೇಕಾದವರಿಗೆ ಕೇಳುವಷ್ಟು ಗಟ್ಟಿಯಾಗಿ ಬೈದಳು.

ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ರಿಟೈರಾದ ಮನುಷ್ಯ. ಗರಗದ ಖಾದಿಯ ಕೋಟು, ಅದಕ್ಕೆ ಗೆರೆ ತಪ್ಪದ ಇಸ್ತ್ರಿ, ಕರಿ ಟೋಪಿ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಛತ್ರಿ. ಓಣಿಗೆ ಬಂದು ಮೂರು ವರ್ಷವಾಗಿದ್ದರೂ ಒಬ್ಬರ ಮನೆಯ ಹೊಸ್ತಿಲನ್ನೂ ತುಳಿದವರಲ್ಲ. "ಸೊಕ್ಕು" ಎಂದು ಓಣಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಕೈ ತೊಳೆದುಕೊಂಡಿತ್ತು.

ಇಂಥ ಮನುಷ್ಯನನ್ನು ಅದೇ ಓಣಿಯ ರಜನಿ ತಾನಾಗಿಯೇ ಹೋಗಿ ಕೆಲಸಕ್ಕೆ ಕರೆದಳು ಎಂದರೆ, ಅವಳ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಅಂತ ನೀವೇ ತಿಳಿದುಕೊಳ್ಳಿ.

ಅದು ಅರವತ್ತೈದನೇ ಇಸವಿ, ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಚುರುಗುಟ್ಟದ ಹೊತ್ತು. ರಜನಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಹೆಣ್ಣುಮಕ್ಕಳ ಸಾಲಿಯಲ್ಲಿ ಬೀಜಗಣಿತ ಕಲಿಸುತ್ತ, ಅದೇ ಲೆಕ್ಕ ಅದೇ ತಪ್ಪು ನೋಡಿ ನೋಡಿ ಬೇಸತ್ತಿದ್ದಳು. ಆಗ ಪ್ರಾಣಿಶಾಸ್ತ್ರದ ಏಕನಾಥ ಸರ್ ಅವಳನ್ನು ತಮ್ಮ ಸಂಶೋಧನೆಗೆ ಸಹಾಯಕಿಯಾಗಿ ತೆಗೆದುಕೊಂಡರು. ಸರ್ ಅವರದೊಂದು ವಿಚಿತ್ರ ಪ್ರಶ್ನೆ. ಹತ್ತಾರು ಇಲಿಗಳ ಜೊತೆ ಗದ್ದಲದಲ್ಲಿ ಬೆಳೆದ ಇಲಿ, ಬೇರೆ ಪಂಜರದಲ್ಲಿ ಒಂಟಿಯಾಗಿ ಬೆಳೆದ ಇಲಿ, ಈ ಎರಡರ ಮೆದುಳಿನ ನರಕೋಶಗಳ ಆಕಾರದಲ್ಲಿ ಏನಾದರೂ ಫರಕು ಇದೆಯೇ? ಮೆದುಳನ್ನು ಬೆಳ್ಳಿಯ ದ್ರಾವಣದಲ್ಲಿ ನೆನೆಹಾಕಿ ತೆಳ್ಳಗೆ ಕೊಯ್ದರೆ ನರಕೋಶ ಕಪ್ಪಗೆ ಮೂಡುತ್ತದೆ. ಸರ್ ಸೂಕ್ಷ್ಮದರ್ಶಕಕ್ಕೆ ಕನ್ನಡಿಯೊಂದನ್ನು ಸಿಕ್ಕಿಸಿ, ಕೋಶದ ಬಿಂಬ ಕಾಗದದ ಮೇಲೆ ಬಿದ್ದಂತೆ ಕಾಣುವ ಹಾಗೆ ಮಾಡಿಕೊಂಡು, ಪೆನ್ಸಿಲ್ಲಿನಿಂದ ಅದರ ಮೇಲೆ ತಿದ್ದುತ್ತಿದ್ದರು. ಬುಡಸಮೇತ ಕಿತ್ತ ಜಾಲಿಗಿಡದ ಹಾಗೆ ಟಿಸಿಲು ಟಿಸಿಲಾಗಿ ಚಿತ್ರ ಮೂಡುತ್ತಿತ್ತು.

ಚಿತ್ರವೇನೋ ಛಲೋ ಬರುತ್ತಿತ್ತು. ಅಳೆಯುವುದೇ ಪೀಕಲಾಟ. ಕೊಂಬೆಗಳ ಮೇಲೆ ದಾರ ಹೊಂದಿಸಿ ಅಳೆದರೆ ಬೆಳಗ್ಗೆ ಒಂದು ಉತ್ತರ, ಊಟವಾದ ಮೇಲೆ ಇನ್ನೊಂದು. ಅದಕ್ಕೇ ಮುಂಬಯಿಯ ಕಂಪ್ಯೂಟರಿನ ವಿಚಾರ ಬಂದದ್ದು. ಖೋಲಿ ತುಂಬ ಕೂತಿದ್ದ ಆ ಯಂತ್ರದ ಮೇಲೆ, ಯಾರ ಯಾರದೋ ಕೈಕಾಲು ಹಿಡಿದು, ಸರ್ ಅರ್ಧ ತಾಸು ಸಂಪಾದಿಸಿದ್ದರು. ನರಕೋಶದ ಪ್ರತಿ ಕವಲು, ಪ್ರತಿ ತುದಿ ಎಲ್ಲಿದೆ ಎಂಬುದನ್ನು ಅಂಕಿಗಳಲ್ಲಿ ಕೊಟ್ಟರೆ ಯಂತ್ರ ಕೊಂಬೆ ಕೊಂಬೆ ಹತ್ತಿಳಿದು ಒಟ್ಟು ಉದ್ದ ಹೇಳಬೇಕು. ಹೇಗೆ ಹತ್ತಬೇಕು, ಎಲ್ಲಿ ಹೊರಳಬೇಕು ಎಂಬ ಅಪ್ಪಣೆಗಳನ್ನು ಬರೆಯುವುದು ರಜನಿಯ ಕೆಲಸ. ಅದಕ್ಕೆ ಪ್ರೋಗ್ರಾಮ್ ಎನ್ನುತ್ತಾರೆ ಎಂದು ಅವಳು ಮುಂಬಯಿಯಲ್ಲಿ ಒಂದು ತಿಂಗಳ ತರಗತಿಗೆ ಹೋಗಿ ಕಲಿತು ಬಂದಿದ್ದಳು. ಯಂತ್ರವನ್ನು ಮಾತ್ರ ಗಾಜಿನ ಆಚೆಯಿಂದ ನೋಡಿದ್ದಳು, ಅದೂ ಮುಂದಿನ ಸಾಲಿನವರ ತಲೆಗಳ ನಡುವೆ.

ವಿಭಾಗದ ಮುಖ್ಯಸ್ಥರು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಅರ್ಧ ತಾಸಿನಲ್ಲಿ ಉತ್ತರ ಬಂದರೆ ರಜನಿಯ ಕೆಲಸ ಮುಂದುವರಿಯುತ್ತದೆ. ಬರದಿದ್ದರೆ ಅವಳು ಸಾಲಿಗೆ ವಾಪಸು, ಸರ್ ದಾರಕ್ಕೆ ವಾಪಸು. ರಜನಿಗೆ ಇದು ನೌಕರಿಯ ಚಿಂತೆಯಷ್ಟೇ ಆಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ಬೆಳಗ್ಗೆ ಏಳುವಾಗ ಖುಷಿಯಾಗುವಂಥ ಕೆಲಸ ಸಿಕ್ಕಿತ್ತು, ಅದು ಕೈತಪ್ಪಿ ಹೋದರೆ ಎಂದು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಯಂತ್ರ ಧಾರವಾಡದಲ್ಲಿಲ್ಲ, ಪ್ರೋಗ್ರಾಮನ್ನು ಪರೀಕ್ಷಿಸುವುದು ಹೇಗೆ? "ನಾವ ಕಂಪ್ಯೂಟರ್ ಆಗೋಣ ಸರ್" ಎಂದಳು ರಜನಿ. ಸರ್ ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಮರುದಿನ ಓಣಿಯ ಹಿಂದಿನ ಬಯಲಿನಲ್ಲಿ, ಹುಡುಗರು ಹುತುತು ಆಡಲು ಗೆರೆ ಎಳೆಯುವ ಸುಣ್ಣದ ಪುಡಿಯಿಂದ, ಇಲಿಯ ಒಂದು ನರಕೋಶ ಆಳೆತ್ತರಕ್ಕೂ ಮೀರಿ ಬೆಳೆದು ಮಲಗಿತ್ತು. ನಡುವೆ ಎಮ್ಮೆ ಮಲಗುವಷ್ಟು ದೊಡ್ಡ ಕೋಶದ ಒಡಲು, ಅದರಿಂದ ಹೊರಟ ಕೊಂಬೆಗಳು, ಕವಲು ಕವಲಿಗೂ ಅಂಕಿ ಬರೆದ ಕಲ್ಲು. ಎಮ್ಮೆಯೊಂದು ಬಂದು ಖರೇನೇ ಅಲ್ಲಿ ಮಲಗಿಯೂ ಬಿಟ್ಟಿತು, ಎಬ್ಬಿಸುವುದಕ್ಕೆ ಅರ್ಧ ಮುಂಜಾನೆ ಹೋಯಿತು.

ಕೋಶದ ಮೇಲೆ ನಡೆಯುವ ಕೆಲಸ ಪ್ರಯೋಗಾಲಯದ ದತ್ತುವಿನದು. ದತ್ತು ಎಂದರೆ ಉಪಕಾರದ ಗಣಿ. ನೀವು ನೀರು ಕೇಳಿದರೆ ಬೆಲ್ಲವನ್ನೂ ತಂದುಕೊಡುವ ಪೈಕಿ. ರಜನಿಯ ಅಪ್ಪಣೆಗಳ ಹಾಳೆ ಹಿಡಿದುಕೊಂಡು ಅವನು ಒಡಲಿನಿಂದ ಹೊರಡಬೇಕು, ನಡೆದ ದೂರವನ್ನು ಕೂಡಿಸುತ್ತ ಹೋಗಬೇಕು, ಕವಲು ಬಂದರೆ ಅದರ ಅಂಕಿಯನ್ನು ಕೂಗಿ ಎಡಕ್ಕೆ ಹೊರಳಬೇಕು. ಕೂಗಿದ ಅಂಕಿಯನ್ನು ನೆನಪಿಟ್ಟುಕೊಳ್ಳುವವಳು ಬಳೆ ಮಾರುವ ಮದೀನಾಬಿ. ಅವಳೇ ಯಂತ್ರದ ನೆನಪು. ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು, ಬಳೆ ಪೋಣಿಸುವ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂತಿದ್ದಳು. ಒಂದೊಂದು ಕವಲಿಗೂ ಒಂದೊಂದು ಬಣ್ಣದ ಬಳೆ. ಕವಲು ಬಂದಾಗ ಅದರ ಬಳೆಯನ್ನು ಕೋಲಿಗೆ ಹಾಕುವುದು. ಕೊನೆಗೆ ಹಾಕಿದ ಬಳೆ ಎಲ್ಲಕ್ಕಿಂತ ಮೇಲಿರುತ್ತದೆ, ಮೊದಲು ಕೈಗೆ ಬರುತ್ತದೆ. ಕೊನೆಗೆ ಬಿಟ್ಟ ಕವಲಿನ ಬಲಗೊಂಬೆಯನ್ನೇ ಮೊದಲು ಹತ್ತಿ ಮುಗಿಸಬೇಕಾದ್ದರಿಂದ ಇದಕ್ಕಿಂತ ಛಲೋ ವ್ಯವಸ್ಥೆ ಮುಂಬಯಿಯಲ್ಲೂ ಇರಲಿಕ್ಕಿಲ್ಲ ಎಂದು ರಜನಿಗೆ ಒಳಗೊಳಗೇ ಹೆಮ್ಮೆ.

ತಾಲೀಮು ಹೂವು ಎತ್ತಿದಷ್ಟು ಹಗುರಾಗಿ ನಡೆಯಿತು. ದತ್ತು ಎಡಕ್ಕೆ ಹೊರಳಿ ತುದಿ ಮುಟ್ಟಿದ ಕೂಡಲೆ ಮದೀನಾಬಿ ಮೇಲಿನ ಬಳೆ ತೆಗೆದು, "ಏ ದತ್ತೂ, ಹಸರ ಬಳಿ ಬಂತು ನೋಡೋ, ನಾಕನೇ ಕವಲಿಗೆ ಬಾ" ಎಂದು ಕೂಗುತ್ತಿದ್ದಳು. ದತ್ತು ಕುಣಿಯುತ್ತ ತಿರುಗಿ ಬಂದು ಬಲಕ್ಕೆ ಹೋಗುತ್ತಿದ್ದ. ಎಲ್ಲ ಕೊಂಬೆಗಳೂ ಮುಗಿದು, ಕೋಲು ಬರಿದಾಗಿ, ಕೂಡಿಸಿದ ಉದ್ದ ಸರ್ ಕೈಯಿಂದ ಅಳೆದ ಉದ್ದಕ್ಕೆ ಸರಿಯಾಗಿ ಹೊಂದಿತು. ಇನ್ನೊಂದು ಕೋಶ ಬರೆದರು, ಅದೂ ಹೊಂದಿತು. ಸರ್ ಆನಂದದಿಂದ ಮೂಗು ಒರೆಸಿಕೊಂಡರು. ಸೋಮವಾರದ ಗಾಡಿಗೆ ಸರ್ ಮುಂಬಯಿಗೆ ಹೊರಡುವುದೆಂದು ನಿಶ್ಚಯವಾಯಿತು.

ಶನಿವಾರ ಇನ್ನೊಂದೇ ಒಂದು ಸಲ ನೋಡಿಬಿಡೋಣ ಎಂದು ರಜನಿಗೆ ಅನಿಸಿತು. ಆದರೆ ದತ್ತು ಅವತ್ತು ಅಮ್ಮಿನಬಾವಿಗೆ ಹೋಗಿದ್ದ, ಯಾರದೋ ಮನೆಯ ಹಂಚು ಹೊದಿಸಲು ಕೈಜೋಡಿಸುವುದಕ್ಕೆ. ಓಣಿಯ ಗಂಡಸರೆಲ್ಲ ಕಚೇರಿಯಲ್ಲಿ, ಹೆಂಗಸರೆಲ್ಲ ಕೆಲಸದಲ್ಲಿ. ಉಳಿದವರು ಒಬ್ಬರೇ.

"ಆ ಸೊಕ್ಕಿನ ಮುದುಕನ್ನ ಕರಿತೀಯೇನವಾ? ನಾ ಮನಿಗೆ ಹೊಂಟೆ" ಎಂದಳು ಮದೀನಾಬಿ. ಹೋಗಲಿಲ್ಲ ಎನ್ನಿ, ತಮಾಷೆ ತಪ್ಪಿಸಿಕೊಳ್ಳುವ ಜಾತಿ ಅವಳದಲ್ಲ.

ರಜನಿ ಕೇಳಿದಾಗ ಮೈಲಾರಪ್ಪನವರು ಅಪ್ಪಣೆಗಳ ಹಾಳೆ ತೆಗೆದುಕೊಂಡು ಮೇಲಿಂದ ಕೆಳಗಿನ ತನಕ ಓದಿದರು. "ಇದರಾಗ ಬರದಷ್ಟ ಮಾಡಬೇಕೇನ್ರಿ?"

"ಹೌದ್ರಿ ಕಾಕಾ, ಬರದಷ್ಟು ಮಾಡಿದ್ರ ಸಾಕು."

"ಬರದಷ್ಟು ಮಾಡತೇನಿ" ಎಂದು ಟೋಪಿ ಸರಿಮಾಡಿಕೊಂಡು ಹೊರಟರು.

ಒಡಲಿನಿಂದ ನಡೆದರು, ದೂರ ಕೂಡಿಸಿದರು. ಕವಲು ಬಂತು, ಅಂಕಿ ಕೂಗಿದರು, ಎಡಕ್ಕೆ ಹೊರಳಿದರು. ಮದೀನಾಬಿ ಬಳೆ ಹಾಕಿದಳು. ಮತ್ತೆ ಕವಲು, ಮತ್ತೆ ಎಡಕ್ಕೆ. ಕೊಂಬೆಯ ತುದಿ ಮುಟ್ಟಿ, ಉದ್ದ ಬರೆದುಕೊಂಡು, ನಿಂತರು.

"ಹಸರ ಬಳಿ, ನಾಕನೇ ಕವಲಿಗೆ ಬರ್ರಿ" ಎಂದು ಮದೀನಾಬಿ ಒಲ್ಲದ ಮನಸ್ಸಿನಿಂದ ಕೂಗಿದಳು.

ಮೈಲಾರಪ್ಪನವರು ಹಾಳೆ ನೋಡಿದರು. "ಹಂಗ ಬರದಿಲ್ಲ" ಎಂದರು.

"ಬರದಿಲ್ಲ ಅಂದ್ರ? ತುದಿ ಬಂತಲ್ರಿ, ತಿರುಗಿ ಬರ್ರಿ!"

"ತುದಿ ಬಂದರ ಉದ್ದ ಬರಕೋ ಅಂತೈತಿ. ಬರಕೊಂಡೇನಿ."

ರಜನಿಗೆ ಪಿತ್ತ ನೆತ್ತಿಗೇರಿತು. "ಕಾಕಾ, ಇಷ್ಟು ತಿಳೀಬಾರದೇನ್ರಿ? ಒಂದು ಕೊಂಬಿ ಮುಗೀತು ಅಂದ್ರ ಹಿಂದ ಬಂದು ಇನ್ನೊಂದಕ್ಕ ಹೋಗಬೇಕು. ಸಣ್ಣ ಕೂಸಿಗೂ ತಿಳಿಯೋ ಮಾತದು!"

"ಕೂಸಿಗೆ ತಿಳೀತದರಿ. ಎಲ್ಲಿ ಬರದೈತಿ ತೋರಸ್ರಿ."

"ನೀವು ಬೇಕಂತ ಮಾಡ್ಲಿಕ್ಕೆ ಹತ್ತೀರಿ!" ಎಂದು ಕಿರುಚಿದಳು ರಜನಿ. ಮುಖ್ಯಸ್ಥರ ಮೇಲಿನ ಸಿಟ್ಟು, ಮುಂಬಯಿಯ ಹೆದರಿಕೆ, ಎಮ್ಮೆಯ ಕಾಟ ಎಲ್ಲ ಸೇರಿ ಆ ಬಡಪಾಯಿಯ ಮೇಲೆ ಬಿತ್ತು. ಸಂಡಿಗೆಯ ಸುದ್ದಿಯನ್ನೂ ಎತ್ತಿ ಆಡಿದಳು. ಉಳಿದ ಹಾಳೆಗಳನ್ನು ಬಗಲಲ್ಲಿ ಒತ್ತಿಕೊಂಡು ದುಮುದುಮು ಮನೆಗೆ ನಡೆದಳು. ಮದೀನಾಬಿ ಬಳೆಗಳನ್ನು ಬುಟ್ಟಿಗೆ ತುಂಬಿಕೊಂಡು ಹಿಂದೆಯೇ ಬಂದಳು. "ನಾ ಹೇಳಿದ್ನಿಲ್ಲ?" ಎಂದು ದಾರಿಯುದ್ದಕ್ಕೂ ಹೇಳಿದಳು.

ರಜನಿ ಉಂಡಳು, ಅಂದರೆ ತಟ್ಟೆಯಲ್ಲಿ ಬೆರಳಾಡಿಸಿದಳು. ಕೈ ತೊಳೆಯಲು ಹಿತ್ತಲಿಗೆ ಬಂದವಳು ಬಯಲಿನ ಕಡೆ ನೋಡಿದಳು. ಮೈಲಾರಪ್ಪನವರು ಅಲ್ಲೇ ಇದ್ದರು. ಸುಣ್ಣದ ಕೊಂಬೆಯ ತುದಿಯಲ್ಲಿ, ಬಿಸಿಲಿಗೆ ಛತ್ರಿ ಬಿಚ್ಚಿಕೊಂಡು, ಹಾಳೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. ಅವರಿಂದ ತುಸು ದೂರದಲ್ಲಿ ಆ ಎಮ್ಮೆ ಮತ್ತೆ ಬಂದು ಒಡಲಲ್ಲಿ ಮಲಗಿತ್ತು.

ಮೊದಲು ಅವಳಿಗೆ ನಗು ಬಂತು. ಆಮೇಲೆ ಕೈಯಲ್ಲಿನ ತಂಬಿಗೆ ಹಾಗೇ ನಿಂತಿತು. ಆ ಮುದುಕನ ಜಾಗದಲ್ಲಿ ಯಂತ್ರವಿದ್ದರೆ? ಯಂತ್ರವೂ ಹೀಗೆಯೇ ಮೊದಲ ತುದಿಗೆ ಹೋಗಿ, ಉದ್ದ ಬರೆದುಕೊಂಡು, ನಿಂತುಬಿಡುತ್ತಿತ್ತು. ಅಲ್ಲಿ ಹಸಿರು ಬಳೆ ತೋರಿಸಿ ಕರೆಯುವ ಮದೀನಾಬಿ ಇರುವುದಿಲ್ಲ, ಕುಣಿಯುತ್ತ ತಿರುಗಿ ಬರುವ ದತ್ತು ಇರುವುದಿಲ್ಲ. ತಿರುಗಿ ಬಾ ಎಂಬ ಅಪ್ಪಣೆಯನ್ನು ಅವಳು ಬರೆದೇ ಇರಲಿಲ್ಲ! ಇಷ್ಟು ದಿನ ಅವಳ ತಪ್ಪನ್ನು ಓಣಿಯ ಒಳ್ಳೆಯತನ ಮುಚ್ಚಿಹಾಕುತ್ತ ಬಂದಿತ್ತು. ಅವಳು ಬರೆಯದೆ ಬಿಟ್ಟದ್ದನ್ನು ದತ್ತು, ಮದೀನಾಬಿ ತಾವಾಗಿ ಮಾಡುತ್ತಿದ್ದರು, ಅವಳು ನೋಡಿ ಚಪ್ಪಾಳೆ ತಟ್ಟುತ್ತಿದ್ದಳು.

ತಂಬಿಗೆಯನ್ನು ಅಲ್ಲೇ ಒಗೆದು ರಜನಿ ಓಡಿದಳು. ಚಪ್ಪಲಿ ಹಾಕಿಕೊಂಡಿರಲಿಲ್ಲ, ಕಾಲಿಗೆ ಮುಳ್ಳು ಚುಚ್ಚಿದ್ದು ಸಂಜೆಯವರೆಗೂ ಗೊತ್ತಾಗಲಿಲ್ಲ.

"ಕಾಕಾ, ತಪ್ಪು ನಂದರಿ!" ಎಂದಳು ಏದುಸಿರು ಬಿಡುತ್ತ. "ನೀವು ಮಾಡಿದ್ದ ಖರೇ. ನಾನ ಬರದಿಲ್ಲ."

"ಅದನ್ನ ಹೇಳಾಕತ್ತಿದ್ನಿರಿ" ಎಂದರು ಅವರು, ಯಾವ ಸಿಟ್ಟೂ ಇಲ್ಲದೆ. "ಈಗ ಹೊಳ್ಳಿ ಬರಲ್ಯಾ? ಕಾಲು ಜೋಮು ಹಿಡದಾವು."

ಕಲ್ಲಿನ ಮೇಲೆ ಕೂರಿಸಿ ರಜನಿ ನೀರು ತಂದುಕೊಟ್ಟಳು. ಇಷ್ಟು ಹೊತ್ತು ಯಾಕೆ ನಿಂತಿರಿ, ನಾಲ್ಕು ಹೆಜ್ಜೆ ತಾವಾಗಿಯೇ ಇಟ್ಟಿದ್ದರೆ ಯಾರು ಏನು ಅನ್ನುತ್ತಿದ್ದರು ಎಂದು ಕೇಳಿದಳು. ಮೈಲಾರಪ್ಪನವರು ನೀರು ಕುಡಿದು, ಮೀಸೆ ಒರೆಸಿಕೊಂಡರು.

"ನಮ್ಮ ಕೇರಿಯಿಂದ ಕಚೇರಿ ಮೆಟ್ಟಲಾ ಹತ್ತಿದಾಂವ ನಾನ ಮೊದಲನೇದಾಂವ ನೋಡ್ರಿ. ಉಳಿದವರು ತಮ್ಮ ಮನಸ್ಸಿಗೆ ಬಂದಂಗ ನಾಕು ಕೆಲಸ ಹೆಚ್ಚಿಗಿ ಮಾಡಿದ್ರ ಹುಷಾರ ಮನಶಾ ಅಂತಿದ್ರು. ನಾ ಮಾಡಿದ್ರ, ಇಂವಗ್ಯಾರು ಹೇಳಿದ್ರು ಅಂತಿದ್ರು. ಅದಕ್ಕ ಹೇಳಿದಷ್ಟ ಮಾಡೋದು ರೂಢಿ ಆತು. ಮೂವತ್ತು ವರ್ಷ ಒಂದು ತಪ್ಪು ಹಿಡೀಲಿಕ್ಕೆ ಬಿಡಲಿಲ್ಲ ಯಾರಿಗೂ."

ರಜನಿ ಸಂಡಿಗೆಯ ಮಾತು ಎತ್ತಿದ್ದಕ್ಕೆ ನಾಚಿಕೆಯಾಗಿ ತಲೆ ತಗ್ಗಿಸಿದಳು. "ಹಂಗಂದ್ರ ನನ್ನ ತಪ್ಪು ನೀವು ಹಿಡೀರಿ ಕಾಕಾ, ಒಂದನ್ನೂ ಬಿಡಬ್ಯಾಡ್ರಿ" ಎಂದಳು. ಮೈಲಾರಪ್ಪನವರ ಮೀಸೆ ಆವತ್ತು ಮೊದಲ ಸಲ ಅಲುಗಿತು.

ರವಿವಾರ ಇಡೀ ದಿನ ತಾಲೀಮು. ತುದಿ ಬಂದರೆ ಮೇಲಿನ ಬಳೆ ತೆಗೆ, ಆ ಕವಲಿಗೆ ಮರಳು ಎಂದು ರಜನಿ ಬರೆದಳು. ಮೈಲಾರಪ್ಪನವರು ಮರಳಿದರು, ಕವಲಿನಲ್ಲಿ ಅಂಕಿ ಕೂಗಿ ಮತ್ತೆ ಎಡಕ್ಕೇ ಹೋದರು. ತುದಿ ಮುಟ್ಟಿ ಮರಳಿದರು, ಮತ್ತೆ ಎಡಕ್ಕೆ. ಗಾಣದ ಎತ್ತಿನ ಹಾಗೆ ಅದೇ ಕೊಂಬೆಯ ಮೇಲೆ ತಿರುಗಿದರು. ಅಮ್ಮಿನಬಾವಿಯಿಂದ ಬಂದಿದ್ದ ದತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. ರಜನಿ ಮಾತ್ರ ನಗಲಿಲ್ಲ, ಮರಳಿದ ಮೇಲೆ ಬಲಕ್ಕೆ ಎಂದು ಬರೆದಳು. ಎಲ್ಲ ಮುಗಿದ ಮೇಲೂ ಅವರು ಮದೀನಾಬಿಯ ಮುಂದೆ ಬಂದು ಇಲ್ಲದ ಬಳೆ ಕೇಳುತ್ತ ನಿಂತರು. "ಇಲ್ರೀ ಕಾಕಾ, ಖಾಲಿ ಆಗ್ಯಾವು, ಬೇಕಾದ್ರ ನನ್ನ ಕೈಯಾನ್ವು ಕೊಡಲ್ಯಾ?" ಎಂದಳು ಮದೀನಾಬಿ. ಬಳೆ ಇಲ್ಲದಿದ್ದರೆ ನಿಲ್ಲು ಎಂಬುದೂ ಹಾಳೆ ಸೇರಿತು. ಸಂಜೆ ಹೊತ್ತಿಗೆ ಅಪ್ಪಣೆಗಳ ಹಾಳೆ ಗೀಚಿ ಗೀಚಿ ಕಪ್ಪಾಗಿತ್ತು, ರಜನಿಯ ಮುಖ ಮಾತ್ರ ಬೆಳಗಿತ್ತು.

ಸೋಮವಾರ ಸರ್ ಗಾಡಿ ಹತ್ತಿದರು. ಆಮೇಲಿನ ದಿನಗಳು ರಜನಿಗೆ ಹೇಗೆ ಹೋದವೋ ದೇವರಿಗೇ ಗೊತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಒಂದು ದಿನ ಹಾಕಲೇ ಇಲ್ಲ. ಬೀಜಗಣಿತದ ಹಳೇ ಪುಸ್ತಕವನ್ನು ಕಪಾಟಿನಿಂದ ತೆಗೆದು ಧೂಳು ಒರೆಸಿ, ಸಿಟ್ಟು ಬಂದು ಮತ್ತೆ ಒಳಗೆ ತುರುಕಿದಳು.

ಸರ್ ಶುಕ್ರವಾರ ಬಂದರು. ಟಾಂಗಾದಿಂದ ಇಳಿಯುವ ಮೊದಲೇ ಉದ್ದನ್ನ ಕಾಗದದ ಸುರುಳಿಯನ್ನು ಬಾವುಟದ ಹಾಗೆ ಬೀಸುತ್ತಿದ್ದರು. "ಬಂತು ರಜನಿ, ಬಂತು! ಎಲ್ಲಾ ಕೋಶದ್ದೂ ಬಂತು! ಅರ್ಧ ತಾಸಿನಾಗ ಟೈಮ್ ಉಳೀತು. ಅಲ್ಲಿಯವರು ಕೇಳಿದ್ರು, ಮೊದಲ್ನೇ ಸಲಕ್ಕ ಹಿಂಗ ನಡಿಯೋದೇ ಇಲ್ಲ, ಎಲ್ಲಿ ಪರೀಕ್ಷಾ ಮಾಡಿದ್ರಿ ಅಂತ. ನಮ್ಮಲ್ಲಿ ಒಂದು ಮಷೀನ್ ಅದ ಅಂದೆ."

ಒಂಟಿ ಇಲಿಗೂ ಗದ್ದಲದ ಇಲಿಗೂ ಫರಕು ಇದೆಯೇ ಎಂದು ದತ್ತು ಕೇಳಿದ. ಇಷ್ಟು ಬೇಗ ಬಾಯಿಬಿಡುವುದಿಲ್ಲ, ಇನ್ನೂ ಕೋಶಗಳು ಬೇಕು ಎಂದು ಸರ್ ಹೇಳಿದರು. ಹಾಗಾದರೆ ರಜನಿಯ ಕೆಲಸವೂ ಬೇಕು. ರಜನಿ ಆ ಸುರುಳಿಯನ್ನು ಅಪ್ಪಿಕೊಂಡು, ಎಲ್ಲರ ಮುಂದೆ ಯಾವ ಸಂಕೋಚವೂ ಇಲ್ಲದೆ ಅತ್ತುಬಿಟ್ಟಳು.

ಸಂಜೆ ಅವಳ ಮನೆಯಲ್ಲಿ ಚಹಾ, ಹಚ್ಚಿದ ಅವಲಕ್ಕಿ, ಫೇಡೆ. ಕರೆಯುವುದು ಗಿರೆಯುವುದು ಆ ಓಣಿಯಲ್ಲಿ ಇರಲಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಎಲ್ಲರೂ ಬರುತ್ತಿದ್ದರು. ದತ್ತು ಹೆಂಡತಿಯೊಂದಿಗೆ ಬಂದ, ಸರ್ ಬಂದರು, ಮದೀನಾಬಿ ಹೊಸ ಸೀರೆ ಉಟ್ಟು ಬಂದಳು. ಅವಲಕ್ಕಿ ಅರ್ಧ ಖಾಲಿಯಾದಾಗ ರಜನಿ ಸುತ್ತ ನೋಡಿದಳು.

"ಮೈಲಾರಪ್ಪ ಕಾಕಾ ಎಲ್ಲಿ?"

"ಬರೋದಾದ್ರ ಬರ್ತಿದ್ರಲ್ಲವಾ. ಟಾಂಗಾ ಬಂದದ್ದು ನೋಡ್ಯಾರ" ಎಂದಳು ಮದೀನಾಬಿ, ಫೇಡೆ ಬಾಯಿಗಿಡುತ್ತ.

ಬರ್ರಿ ಅಂತ ಅವರಿಗೆ ಯಾರಾದರೂ ಹೇಳಿದಿರಾ ಎಂದು ರಜನಿ ಕೇಳಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಇವತ್ತಲ್ಲ, ಮೂರು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ರಜನಿ ಚಹಾದ ಕಪ್ಪನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದಳು.

ಮೈಲಾರಪ್ಪನವರ ಮನೆಯ ಬಾಗಿಲು ತೆರೆದೇ ಇತ್ತು. ಅವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಸ್ತ್ರಿಯ ಕೋಟು ತೊಟ್ಟಿದ್ದರು, ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು, ಕಾಲಿಗೆ ಪಾಲಿಶ್ ಮಾಡಿದ ಬೂಟು, ಮೊಣಕಾಲ ಮೇಲೆ ಟೋಪಿ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ.

"ಕಾಕಾ, ಉತ್ತರ ಬಂತರಿ."

"ಕೇಳಿದೆ. ಬಾಳ ಛಲೋ ಆತು."

"ಮನಿಗೆ ಬರಲಿಲ್ಲಲ್ರಿ?"

"ಕರೀಲಾರದ ಮನಿಗೆ ಸಣ್ಣಾಂವ ಇದ್ದಾಗ ಒಂದೆರಡು ಸಲ ಹೋಗೇನ್ರಿ" ಎಂದರು ಅವರು, ಟೋಪಿಯ ಅಂಚನ್ನು ಬೆರಳಿನಿಂದ ಒರೆಸುತ್ತ. "ಬಾಗಲದಾಗ ನಿಂತು ತಿಳಕೊಂಡೇನಿ. ಆಮ್ಯಾಲೆ ಹೋಗಿಲ್ಲ."

ರಜನಿ ಹೊಸ್ತಿಲ ಹತ್ತಿರ ಸರಿದಳು. "ಬರ್ರಿ ಕಾಕಾ. ನಾ ಕರೀಲಿಕ್ಕೆ ಬಂದೀನಿ. ನಮ್ಮನಿಗೆ ಬರ್ರಿ, ಒಳಗ ಬಂದು ಎಲ್ಲಾರ ಜೋಡಿ ಕೂತು ಚಹಾ ಕುಡೀರಿ."

ಮೈಲಾರಪ್ಪನವರು ಎದ್ದು ಟೋಪಿ ಹಾಕಿಕೊಂಡರು, ಛತ್ರಿ ತೆಗೆದುಕೊಂಡರು. ಹೊಸ್ತಿಲು ದಾಟುವ ಮುಂಚೆ ಏನೋ ನೆನಪಾದವರಂತೆ ನಿಂತರು. ಮೀಸೆಯ ತುದಿ ಅಲುಗುತ್ತಿತ್ತು.

"ತಿರುಗಿ ಯಾವಾಗ ಬರಬೇಕು ಅನ್ನೋದು ಹೇಳಲಿಲ್ಲ ನೀವು. ಮತ್ತ ಮರತ್ರಿ."

"ಇದರಾಗ ಅದನ್ನ ಬೇಕಂತ ಬರದಿಲ್ಲರಿ" ಎಂದಳು ರಜನಿ. ಇಬ್ಬರೂ ಓಣಿ ದಾಟಿ ಬಂದಾಗ ಮದೀನಾಬಿ ಚಾಪೆಯ ಮೇಲೆ ಸರಿದು ಜಾಗ ಮಾಡುತ್ತಿದ್ದಳು, ದತ್ತುವಿನ ಹೆಂಡತಿ ಒಳಗಿನಿಂದ ಅವಲಕ್ಕಿಯ ಜೊತೆಗೆ ಒಂದು ತಟ್ಟೆ ಕರಿದ ಸಂಡಿಗೆ ತರುತ್ತಿದ್ದಳು.